ವಿಷದ ಜೇಡ: ಅಂಜಬೇಕಾದದ್ದೆಷ್ಟು?

ಯಲಹಂಕ, ಹೆಬ್ಬಾಳದ ಸುತ್ತಿನ ಹಳ್ಳಿಗಳಲ್ಲಿ ಮೈಮೇಲೆ ಸುಟ್ಟಂಥ ಗುಳ್ಳೆ ಎದ್ದರೆ "ಜೇಡ ಉಚ್ಚೆ ಹುಯ್ದಿದೆ" ಎನ್ನುವುದುಂಟು. ಇದು ತಪ್ಪು ತಿಳಿವಳಿಕೆ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಕೆಂಪು ಕಪ್ಪು ಪಟ್ಟೆಯುಳ್ಳ ಪೆಡೆರಸ್ ಎಂಬ ಸಣ್ಣ ಕೀಟವು ಚರ್ಮದ ಮೇಲೆ ಅರೆದುಹೋದಾಗ ಅದರ ರಸದಿಂದ ಇಂಥ ಗುಳ್ಳೆ ಏಳುತ್ತದೆ. ಸರ್ಪಸುತ್ತಂತೂ ವೈರಸ್‌ನಿಂದ ಬರುವ ರೋಗ. ಪಾಪ, ಜೇಡಕ್ಕೆ ಎರಡರಲ್ಲೂ ಪಾತ್ರವಿಲ್ಲ.

ಹಾಗೆಂದು ಅಪಾಯಕಾರಿ ಜೇಡಗಳೇ ಇಲ್ಲವೆಂದಲ್ಲ. ಬಹುತೇಕ ಎಲ್ಲ ಜೇಡಗಳಲ್ಲಿಯೂ ವಿಷವಿರುತ್ತದೆಯಾದರೂ ಹೆಚ್ಚಿನವು ಮನುಷ್ಯನಿಗೆ ಹಾನಿ ಮಾಡಲಾರವು. ಎಚ್ಚರ ಬೇಕಾದದ್ದು ಲ್ಯಾಟ್ರೊಡೆಕ್ಟಸ್ ಗುಂಪಿನ ಬಗ್ಗೆ. ಈ ಗುಂಪಿನ ಕೆಲವು ಪ್ರಭೇದಗಳು ಭಾರತದಲ್ಲಿಯೂ ಇವೆ. ಹೆಣ್ಣು ಜೇಡದ ದೇಹ ಸುಮಾರು 1 ಸೆಂಟಿಮೀಟರ್ ಉದ್ದ. ಹೊಟ್ಟೆ ಬಟಾಣಿಯಂತೆ ದುಂಡಗೆ, ಕಪ್ಪು ಅಥವಾ ಕಂದು. ಹೊಟ್ಟೆಯ ಅಡಿಭಾಗದಲ್ಲಿ ಸಾಮಾನ್ಯವಾಗಿ ಡಮರುಗದ ಆಕಾರದ ಕೆಂಪು ಇಲ್ಲವೆ ಕಿತ್ತಳೆ ಬಣ್ಣದ ಗುರುತಿರುತ್ತದೆ. ಕಲ್ಲುಗುಡ್ಡೆ, ಬೋರಲು ಹಾಕಿದ ಕುಂಡ, ಬಳಸದ ಪೈಪು ಇವುಗಳ ಸಂದಿಯಲ್ಲಿ ಅಂದಗೆಟ್ಟ ಬಲೆ ಕಟ್ಟುತ್ತದೆ. ಕೈಗೆ ಸಿಕ್ಕಿ ಅದುಮಿದರೆ ಮಾತ್ರ ಕಚ್ಚುತ್ತದೆ. ಆದುದರಿಂದ ಹಳೆಯ ಕಲ್ಲು, ಸೌದೆ ಎತ್ತುವಾಗ ಕೈಗವಸು ಹಾಕಿ. ಬೂಟು ಕೊಡವಿ ತೊಡಿರಿ.

ಕಚ್ಚಿದಾಗ ಸೂಜಿ ಚುಚ್ಚಿದಷ್ಟೇ ನೋವು. ವಿಷವು ನರಗಳ ತುದಿಯನ್ನು ಕೆರಳಿಸುವುದರಿಂದ ಕ್ರಮೇಣ ನೋವು ಹರಡಿ ಬೆವರು, ಸ್ನಾಯುಸೆಳೆತ, ಹೊಟ್ಟೆ ಬಿಗಿತ, ವಾಂತಿ ಕಾಣಿಸಬಹುದು. ಸಾವು ಬಹಳ ಅಪರೂಪ. ಮಕ್ಕಳು, ವೃದ್ಧರ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಆಸ್ಟ್ರೇಲಿಯಾದಲ್ಲಿ ಈ ಗುಂಪಿನ ಕೆಂಬೆನ್ನಿನ ಜೇಡಕ್ಕೆ 1956ರಲ್ಲಿಯೇ ಪ್ರತಿವಿಷ ಬಳಕೆಗೆ ಬಂತು. ನಮ್ಮಲ್ಲಿ ದೊರೆಯುವ ಹಾವಿನ ಪ್ರತಿವಿಷ ಜೇಡದ ವಿಷಕ್ಕೆ ನಾಟುವುದಿಲ್ಲ. ವೈದ್ಯರು ನೋವು, ಸೆಳೆತಗಳಿಗೆ ಚಿಕಿತ್ಸೆ ಕೊಡುತ್ತಾರೆ. ಗಾಯವನ್ನು ಸೋಪು ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಸುಡುವುದು ಕೂಡದು.

ನಿಜವಾದ ಗಂಡಾಂತರ ಬೇರೆಯದೇ ಇದೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ಗಾಯ ಕಾಣದಿರಬಹುದು, ನೋವೂ ಅಷ್ಟಾಗಿ ಇರುವುದಿಲ್ಲ. "ಜೇಡವೋ ಏನೋ ಕಚ್ಚಿರಬೇಕು" ಎಂದು ಮತ್ತೆ ಮಲಗಿದವರು ಬೆಳಗಾಗುವುದರೊಳಗೆ ಉಸಿರು ನಿಂತು ಸಾಯುವುದುಂಟು. ಏನು ಕಚ್ಚಿತೆಂದು ಕಾಣದಿದ್ದಾಗ ಜೇಡವೆಂದು ತೀರ್ಮಾನಿಸಬೇಡಿ. ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲಾಗದಿರುವುದು, ಇವುಗಳಿಗೆ ಕಾಯದೆ ಕೂಡಲೇ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಿ.

ಇನ್ನು ಬತ್ತದ ಗದ್ದೆಯಲ್ಲಿ ಓಡಾಡುವ ಜೇಡಗಳು ಕಂದು ಜಿಗಿಹುಳುವನ್ನು ತಿಂದು ಬದುಕುವಂಥವು. ಅವುಗಳಿಗೆಂದು ಔಷಧಿ ಸಿಂಪಡಿಸಬೇಕಾಗಿಲ್ಲ.