ಹಳ್ಳು ಮತ್ತು ಮೂತ್ರದ ಕಟ್ಟು

ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಕಡಲೆ, ಕುಸುಬೆ, ಬಿಳಿಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ನೆರಳು ದೂರ, ತಂದ ನೀರು ಒಂದು ಕೊಡ. ಹೆಣ್ಣುಮಕ್ಕಳಂತೂ ಬಯಲಿನಲ್ಲಿ ಮರೆಯಿಲ್ಲವೆಂದು ಬೇಕೆಂದೇ ಕಡಿಮೆ ಕುಡಿಯುತ್ತಾರೆ. ಬೆವರಾಗಿ ಹೋದ ನೀರು ದೇಹಕ್ಕೆ ಮರಳಿ ಬಾರದಿದ್ದರೆ ಮೂತ್ರ ಗಟ್ಟಿಯಾಗುತ್ತದೆ, ಅದರೊಳಗಿನ ಲವಣಗಳು ಹರಳುಗಟ್ಟುತ್ತವೆ. ನಮ್ಮ ಕಡೆಯವರು ಹಳ್ಳು ಎನ್ನುವುದು ಇದನ್ನೇ.

ಸುಶ್ರುತನು ಇದನ್ನು ಅಶ್ಮರಿಯೆಂದು ಕರೆದು ಒಂದು ಮನೆಮಾತಿನ ಹೋಲಿಕೆ ಕೊಟ್ಟಿದ್ದಾನೆ. ಹೊಸ ಗಡಿಗೆಯಲ್ಲಿಟ್ಟ ತಿಳಿನೀರಿನಲ್ಲೂ ಕಾಲಕ್ರಮದಲ್ಲಿ ಗಸಿ ಕೂಡುವಂತೆ ಮೂತ್ರಾಶಯದಲ್ಲಿ ಕಲ್ಲು ಕೂಡುತ್ತದಂತೆ. ಇಷ್ಟು ಹಿಂದೆಯೇ ಇಷ್ಟು ಸರಿಯಾಗಿ ಕಂಡವರು ವಿರಳ.

ವೈದ್ಯರು ಇದಕ್ಕೆ ಹೊಲದ ಬದುವಿನ ನೆಗ್ಗಿಲಮುಳ್ಳು, ಪುನರ್ನವ, ವರುಣದ ತೊಗಟೆ, ಪಾಷಾಣಭೇದ, ಹುರಳಿಯ ಕಟ್ಟು ಮುಂತಾದವನ್ನು ಹೇಳುತ್ತಾರೆ. ಇವು ಹರಳನ್ನು ಕರಗಿಸುತ್ತವೆಂಬುದಕ್ಕೆ ದೊಡ್ಡ ಪರೀಕ್ಷೆಗಳ ಗಟ್ಟಿ ಆಧಾರವಿಲ್ಲ. ಐದು ಮಿಲಿಮೀಟರಿಗಿಂತ ಸಣ್ಣ ಹರಳುಗಳಲ್ಲಿ ಹೆಚ್ಚಿನವು ತಾವಾಗಿಯೇ ಇಳಿದುಹೋಗುತ್ತವೆ. ಕೀರ್ತಿ ಮಾತ್ರ ಹುರಳಿಗೆ ಬರುತ್ತದೆ. ಕಷಾಯದ ಜೊತೆ ಹೊಟ್ಟೆಗೆ ಹೋಗುವ ನೀರು ಒಳ್ಳೆಯದೇ. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ಕುಡಿಯಬೇಕು. ಬಿಸಿಲಲ್ಲಿ ದುಡಿಯುವವರಿಗೆ ಇದಕ್ಕೆ ಇನ್ನೂ ಹೆಚ್ಚು ನೀರು ಬೇಕು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಆದರೆ ಹಾಲು ಮಜ್ಜಿಗೆಯನ್ನು ಬಿಡಬೇಡಿರಿ. ಸುಣ್ಣದಂಶವೇ ಹಳ್ಳಾಗುತ್ತದೆಂದು ಹಾಲು ಬಿಡುವುದು ತಪ್ಪು ತಿಳುವಳಿಕೆ.

ಇನ್ನು ಹಿರಿಯರ ಮಾತು. ಐವತ್ತು ದಾಟಿದ ಗಂಡಸರಿಗೆ ರಾತ್ರಿ ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು, ಮುಗಿಸಿ ಬಂದರೂ ತೊಟ್ಟಿಕ್ಕುವುದು ಶುರುವಾದರೆ ಹೆಚ್ಚಾಗಿ ಅದು ಹಳ್ಳಲ್ಲ. ಮೂತ್ರಾಶಯದ ಕೆಳಗೆ ಮೂತ್ರನಾಳವನ್ನು ಬಳಸಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಿನೊಡನೆ ಬೆಳೆದು ದಾರಿಯನ್ನು ಒತ್ತುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರ ಹೇಳುವ ಹನ್ನೆರಡು ಮೂತ್ರಾಘಾತಗಳಲ್ಲಿ ವಾತಾಷ್ಠೀಲೆ ಒಂದು. ಗುದಕ್ಕೂ ಮೂತ್ರಾಶಯಕ್ಕೂ ನಡುವೆ ಗುಂಡುಕಲ್ಲಿನಂಥ ಗಂಟು. ಇಂದಿನ ವೈದ್ಯರು ಅದನ್ನು ಈ ಬೇನೆಗೆ ಹೋಲಿಸುತ್ತಾರೆ.

ಇಲ್ಲಿ ಒಂದು ಅಪಾಯದ ಗೊಂದಲವಿದೆ. ಕಟ್ಟಿದ ಮೂತ್ರವನ್ನು ಹಳ್ಳೆಂದು ತಿಳಿದು ಅಜ್ಜನಿಗೆ ತಂಬಿಗೆ ತಂಬಿಗೆ ಕಷಾಯ ಕುಡಿಸಿದರೆ, ಬಾಗಿಲು ಮುಚ್ಚಿದ ಕೋಣೆಗೆ ಕಾಲುವೆ ಹರಿಸಿದಂತಾಗುತ್ತದೆ. ಹಳ್ಳಿಗೆ ಹಿತವಾದ ನೀರು ಈ ಹೊತ್ತಿನಲ್ಲಿ ಶತ್ರು. ಈ ತೊಂದರೆಯಿರುವವರು ಹಗಲು ಸಾಕಷ್ಟು ಕುಡಿದು, ಮಲಗುವ ಎರಡು ಮೂರು ತಾಸು ಮೊದಲೇ ನೀರು, ಚಹ ನಿಲ್ಲಿಸಬೇಕು. ನೆಗಡಿಗೆಂದು ಅಂಗಡಿಯಿಂದ ತಂದ ಕೆಲವು ಗುಳಿಗೆಗಳೂ ಮೂತ್ರವನ್ನು ಥಟ್ಟನೆ ಕಟ್ಟಿಬಿಡುತ್ತವೆ. ನಾಚಿಕೆಯಿಂದ ಮಗನಿಗೂ ಹೇಳದೆ ವರುಷಗಟ್ಟಲೆ ತಾಳುವವರಿದ್ದಾರೆ. ಅಷ್ಟರಲ್ಲಿ ಮೂತ್ರಪಿಂಡಗಳು ಕೆಡಬಹುದು. ಗೋಕ್ಷುರಾದಿ ಗುಗ್ಗುಳದಂಥ ಔಷಧವನ್ನು ಕಲಿತ ವೈದ್ಯರಿಂದಲೇ ಪಡೆಯಿರಿ, ಆದರೆ ಮೊದಲು ಒಂದು ಸ್ಕ್ಯಾನ್ ಆಗಲಿ. ಬೆಳೆದ ಗಂಟು ಕ್ಯಾನ್ಸರ್ ಅಲ್ಲವೆಂದೂ ಖಚಿತವಾಗಬೇಕು. ಸಂತೆಯಲ್ಲಿ ಮಾರುವ ಹೆಸರಿಲ್ಲದ ಭಸ್ಮ ಬೇಡ. ಅಂಥವುಗಳಲ್ಲಿ ಸೀಸ, ಪಾದರಸ ಇರುವುದುಂಟು.

ಶಸ್ತ್ರಕ್ರಿಯೆ ಆಯುರ್ವೇದಕ್ಕೆ ಹೊರಗಿನದೆಂಬ ಮಾತೂ ಸರಿಯಲ್ಲ. ಹೊಸ ಅಶ್ಮರಿ ಔಷಧಕ್ಕೆ ಮಣಿಯುತ್ತದೆ, ಬಲಿತದ್ದನ್ನು ಕೊಯ್ದೇ ತೆಗೆಯಬೇಕೆಂದು ಸುಶ್ರುತನೇ ಹೇಳಿದ್ದಾನೆ. ಕೊಯ್ಯದಿದ್ದರೆ ಸಾವು ನಿಶ್ಚಯ, ಕೊಯ್ದರೂ ಸಂಶಯ, ಆದುದರಿಂದ ಒಡೆಯನನ್ನು ಕೇಳಿ ಕೈಹಚ್ಚಬೇಕೆಂದು ಎಚ್ಚರವನ್ನೂ ಕೊಟ್ಟಿದ್ದಾನೆ. ಇಂದು ಆ ಸಂಶಯ ಬಹಳ ಕಡಿಮೆಯಾಗಿದೆ; ಹಳ್ಳನ್ನು ಒಳಗೇ ಒಡೆದು ತೆಗೆಯುತ್ತಾರೆ, ಬೆಳೆದ ಪ್ರಾಸ್ಟೇಟನ್ನು ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಕೆತ್ತುತ್ತಾರೆ.

ಪಕ್ಕೆಯ ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಕಿಬ್ಬೊಟ್ಟೆ ಉಬ್ಬಿ ಒಂದು ಹನಿಯೂ ಹೋಗದಿದ್ದರೆ ಕಷಾಯದ ಒಲೆ ಹಚ್ಚುತ್ತ ಕೂಡಬೇಡಿರಿ. ಅದೇ ರಾತ್ರಿ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋದರೆ ನಳಿಕೆ ಹಾಕಿ ಮೂತ್ರ ತೆಗೆಯುತ್ತಾರೆ. ಅಲ್ಲಿ ಆಗದಿದ್ದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ. ಕುಂದಗೋಳದಿಂದ ಅಲ್ಲಿಗೆ ತಾಸಿನೊಳಗಿನ ದಾರಿ.