ಬಂಡವಾಳಕ್ಕೆ ಮುಂಚೆ ವಿಳಾಸ

ಮಡಗಾಂವ್ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಸೊಪ್ಪು ತರಕಾರಿ ಕೊಳ್ಳಲು ಹೋದವರ ಕಿವಿಗೆ ಕೊಂಕಣಿಯ ನಡುನಡುವೆ ಕನ್ನಡವೂ ಬೀಳುತ್ತದೆ. ಬಹಳಷ್ಟು ಮಾತು ಘಟ್ಟದ ಮೇಲಿನ ಉತ್ತರ ಕರ್ನಾಟಕದ್ದು. ಹೀಗೆ ಮಾತಾಡುವವರಲ್ಲಿ ಹಲವರು ಊರೊಳಗಿನ ಮೋತಿ ಡೊಂಗರ್ ಗುಡ್ಡದಿಂದ ಇಳಿದು ಬಂದವರು. ಗೌಂಡಿ ಕೆಲಸ, ಮನೆಗೆಲಸ, ಹಮಾಲಿ ಮಾಡಿಕೊಂಡು ಬಂದ ಕುಟುಂಬದಲ್ಲಿ ಒಬ್ಬರು ಕೈಗಾಡಿ ಹಿಡಿಯುತ್ತಾರೆ. ಗಾಡಿ ನಿಂತರೆ ಮುಂದೆ ಅಂಗಡಿಯ ಯೋಚನೆ. ಕೂಲಿ ಬಿಟ್ಟು ವ್ಯಾಪಾರಕ್ಕೆ ಇಳಿಯುವ ಆ ಹೊತ್ತಿನಲ್ಲಿ ಯಾವ ಕಾಗದ ಬೇಕು, ಯಾವುದು ಬೇಡ, ಯಾರ ಕೈಯಲ್ಲಿ ಏನಿದೆ ಎನ್ನುವುದನ್ನು ಇಲ್ಲಿ ವಿವರಿಸಿದ್ದೇನೆ. ನಡುವೆ ಜಪಾನಿಗೆ ಹೋದ ಸ್ವಿಸ್ ಕಂಪನಿಗಳ ವಿಷಯವೂ ಬರುತ್ತದೆ. ಪರವೂರಿನ ಪೇಟೆ ಹೊಕ್ಕವರಲ್ಲಿ ಅವರಷ್ಟು ಹಳಬರು, ಅವರಷ್ಟು ದಾಖಲೆ ಉಳಿಸಿದವರು ಕಡಿಮೆ. ದುಡ್ಡಿನ ಅಳತೆ ಬೇರೆಯಾದರೂ ತೊಡಕುಗಳು ವಿಚಿತ್ರವಾಗಿ ಹೋಲುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕಬೇಕು. ಗೋವಾದಲ್ಲಿ ‘ಹದಿನೈದು ವರ್ಷದ ಸರ್ಟಿಫಿಕೇಟ್’ ಎಂಬುದೊಂದಿದೆ. 15 ವರ್ಷ ವಾಸವಿದ್ದುದಕ್ಕೆ ಮಾಮಲೇದಾರರು ಕೊಡುವ ಪತ್ರ. ಸರ್ಕಾರಿ ನೌಕರಿಗೆ, ರಾಜ್ಯದ ಹಲವು ಯೋಜನೆಗಳಿಗೆ ಇದನ್ನು ಕೇಳುತ್ತಾರೆ. ಅದಿಲ್ಲದೆ ವ್ಯಾಪಾರವನ್ನೂ ಮಾಡುವಂತಿಲ್ಲ ಎಂದು ನಂಬಿಕೊಂಡವರಿದ್ದಾರೆ. ಹಾಗಿಲ್ಲ. ದೇಶದ ಯಾವ ಭಾಗದಲ್ಲೂ ಉದ್ಯೋಗ, ವ್ಯಾಪಾರ ಮಾಡುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೂ ಅರ್ಜಿದಾರ ಎಲ್ಲಿ ಹುಟ್ಟಿದ, ಎಷ್ಟು ವರ್ಷದಿಂದ ಇದ್ದಾನೆ ಎಂದು ಕೇಳುವುದಿಲ್ಲ. ಅದು ಮುಖ್ಯವಾಗಿ ಕೇಳುವುದು ಮೂರನ್ನು: ವ್ಯಾಪಾರವನ್ನು ತಾನೇ ಅಥವಾ ಮನೆಯವರೇ ಮಾಡಬೇಕು, ಬೇರೆ ಜೀವನೋಪಾಯ ಇರಬಾರದು, ಸಿಕ್ಕ ಪ್ರಮಾಣಪತ್ರವನ್ನು ಮಾರುವುದಾಗಲಿ ಬಾಡಿಗೆಗೆ ಕೊಡುವುದಾಗಲಿ ಕೂಡದು. ಅರ್ಜಿದಾರರಿಗೆ 14 ವರ್ಷ ತುಂಬಿರಬೇಕು.

ಈ ಕಾಯ್ದೆಯ ಹೆಸರು ಹೇಳಿದರೆ ಮಾರ್ಕೆಟ್ಟಿನಲ್ಲಿ ಎಷ್ಟೋ ಜನ ನಗುತ್ತಾರೆ. ಕಾಗದದ ಮೇಲಿನ ಮಾತು ಗಾಡಿ ಎತ್ತಿಹಾಕುವ ಲಾರಿಯ ಮುಂದೆ ನಿಲ್ಲುವುದಿಲ್ಲ ಎಂಬ ಅನುಭವದ ನಗು ಅದು. ಆದರೂ ಓದಿಟ್ಟುಕೊಳ್ಳುವುದು ಲೇಸು. ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆ ಎಬ್ಬಿಸುವುದಾದರೂ 30 ದಿನದ ನೋಟಿಸು ಕೊಡಬೇಕು. ಮಾಲು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ಕೊಳೆಯುವ ಮಾಲಾದರೆ ಕೇಳಿದ ದಿನವೇ, ಕೊಳೆಯದ ಮಾಲಾದರೆ ಎರಡು ಕೆಲಸದ ದಿನದೊಳಗೆ ಹಿಂದಿರುಗಿಸಬೇಕು. ಟೊಮೆಟೊ ಮಾರುವವರಿಗೆ ಇಡೀ ಕಾಯ್ದೆಯಲ್ಲಿ ಉಪಯೋಗಕ್ಕೆ ಬರುವ ಸಾಲು ಇದೊಂದೇ ಆದರೂ ಸಾಕು. ಈ ಕಾಯ್ದೆಯ ಕೆಳಗೆ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ಕನಿಷ್ಠ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಅವರನ್ನು ಆರಿಸುವ ದಿನ ಗುಡ್ಡದವರು ಹಾಜರಿರುತ್ತಾರೋ ಇಲ್ಲವೋ, ಅದು ಅವರ ಕೈಯಲ್ಲೇ ಇದೆ.

ಮಾರ್ಕೆಟ್ಟಿನಲ್ಲಿ ಕೂತವರಿಂದ ಜಾಗದ ಲೆಕ್ಕದಲ್ಲಿ ವಸೂಲಿ ಮಾಡುವ ಹಣಕ್ಕೆ ಗೋವಾದಲ್ಲಿ ಸೋಪೊ ಎನ್ನುತ್ತಾರೆ. ಕೊಟ್ಟ ಮೇಲೆ ರಸೀದಿ ಕೇಳಿ ಇಸಿದುಕೊಳ್ಳಬೇಕು. ಆ ಚೂರು ಕಾಗದ ಜಾಗದ ಮೇಲೆ ಹಕ್ಕು ಕೊಡುವುದಿಲ್ಲ, ನಿಜ. ಆದರೆ ಇಂಥ ದಿನದಿಂದ ಈ ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದೇನೆ ಎಂದು ತೋರಿಸಲು ಎಷ್ಟೋ ಜನರ ಹತ್ತಿರ ಬೇರೆ ಏನೂ ಇರುವುದಿಲ್ಲ. ರಸೀದಿಗಳನ್ನು ಡಬ್ಬಿಯಲ್ಲಿ ಕೂಡಿಟ್ಟವರಿಗೂ ಸಂಜೆಯೇ ಬಿಸಾಡಿದವರಿಗೂ ಸಮೀಕ್ಷೆಯ ದಿನ ವ್ಯತ್ಯಾಸ ಗೊತ್ತಾಗುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಗಾಡಿಯಿಂದ ಅಂಗಡಿಗೆ ಏರುವಾಗ. ಪುರಸಭೆಯ ಟ್ರೇಡ್ ಲೈಸೆನ್ಸ್ ಬೇಕು. ಅದಕ್ಕೆ ಸಾಮಾನ್ಯವಾಗಿ ಕಟ್ಟಡದ ದಾಖಲೆ, ಮನೆಪಟ್ಟಿ ಕಟ್ಟಿದ ರಸೀದಿ, ಬಾಡಿಗೆಯದಾದರೆ ಕರಾರು ಮತ್ತು ಮಾಲೀಕರ ಒಪ್ಪಿಗೆ ಪತ್ರ ಕೇಳುತ್ತಾರೆ. ಗುಡ್ಡದ ಮೇಲೆ ಜಾಗದ ಪತ್ರವಿಲ್ಲದೆ ಎದ್ದ ಮನೆಗಳೇ ಹೆಚ್ಚು. ಗೋವಾದಲ್ಲಿ ಖಾಸಗಿ, ಸರ್ಕಾರಿ ಜಾಗಗಳ ಜೊತೆಗೆ ಕೊಮುನಿದಾದ್ ಎಂಬ ಹಳೆಯ ಗ್ರಾಮಸಂಸ್ಥೆಗಳ ಜಾಗವೂ ಇದೆ. ಯಾರದೆಂದು ತಿಳಿಯದೆ ಕೊಂಡ ಗೋಡೆ ಒಂದು ದಿನ ಯಾರದೋ ಆಗುತ್ತದೆ. ವಾಸ್ಕೋದ ಬಾಯ್ನಾದಲ್ಲಿ 2004ರಲ್ಲಿ, ಮತ್ತೆ 2017ರಲ್ಲಿ ಕನ್ನಡಿಗರ ಮನೆಗಳ ಮೇಲೆ ಬುಲ್ಡೋಜರ್ ಬಂದದ್ದು ಗೋವಾದ ಯಾವ ಕನ್ನಡಿಗನಿಗೂ ಮರೆತಿಲ್ಲ. 2014ರ ಫೆಬ್ರುವರಿ 28ಕ್ಕಿಂತ ಮುಂಚೆ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮ ಮಾಡಲು 2025ರಲ್ಲಿ ಗೋವಾ ವಿಧಾನಸಭೆ ಕಾನೂನಿಗೆ ತಿದ್ದುಪಡಿ ತಂದಿದೆ, ಕೊಮುನಿದಾದ್ ಜಾಗಕ್ಕೂ ದಾರಿ ಮಾಡಿದೆ. ಷರತ್ತುಗಳಿವೆ. ಮನೆ ಸಕ್ರಮವಾದ ಮಾತ್ರಕ್ಕೆ ಅದರ ಮುಂಬಾಗಿಲಲ್ಲಿ ಕಿರಾಣಿ ಅಂಗಡಿ ಇಡಬಹುದು ಎಂದೂ ಅಲ್ಲ. ನನ್ನ ಕೇಳಿದರೆ ಗುಡ್ಡದ ಮನೆಯನ್ನು ಮನೆಯಾಗಿಯೇ ಇಟ್ಟುಕೊಂಡು, ಕೆಳಗೆ ಪೇಟೆಯಲ್ಲಿ ಕಾಗದ ಸರಿಯಿರುವ ಆರಡಿ ಅಗಲದ ಜಾಗವನ್ನಾದರೂ ಬಾಡಿಗೆಗೆ ಹಿಡಿಯಬೇಕು. ಬಾಡಿಗೆ ಹೆಚ್ಚೆನಿಸಿದರೂ ಅದರ ಜೊತೆ ಒಂದು ವಿಳಾಸ ಸಿಗುತ್ತದೆ. ಲೈಸೆನ್ಸು, ಬ್ಯಾಂಕು, ಜಿಎಸ್‌ಟಿ ಎಲ್ಲ ಅದಕ್ಕೇ ಜೋತುಬಿದ್ದಿವೆ.

ಇದು ಬಡವರ ಪಾಡು ಮಾತ್ರ ಎಂದುಕೊಳ್ಳಬೇಡಿ. ಸ್ವಿಸ್ ಕಂಪನಿಗಳು ಹೋದ ಜಪಾನಿನಲ್ಲಿ ಕಂಪನಿ ನೋಂದಾಯಿಸುವುದು ಕಷ್ಟದ ಕೆಲಸವೇನಲ್ಲ. 2006ರಲ್ಲಿ ಜಾರಿಗೆ ಬಂದ ಕಂಪನಿ ಕಾನೂನಿನ ಪ್ರಕಾರ ಒಂದು ಯೆನ್ ಬಂಡವಾಳವಿದ್ದರೂ ಆಗುತ್ತದೆ. ಕಬುಶಿಕಿ ಗೈಶಾ ಎಂಬ ಷೇರು ಕಂಪನಿಗೆ ನೋಂದಣಿ ತೆರಿಗೆ ಕನಿಷ್ಠ 1,50,000 ಯೆನ್. ಗೋದೋ ಗೈಶಾ ಎಂಬ ಸರಳ ರೂಪಕ್ಕೆ 60,000. ಹಳೆಯ ಜಪಾನಿ ಸಂಸ್ಥೆಗಳು ಮೊದಲನೆಯದಕ್ಕೇ ಹೆಚ್ಚು ಮರ್ಯಾದೆ ಕೊಡುತ್ತವೆ, ಆದರೆ ಆಪಲ್, ಅಮೆಜಾನ್ ಅಲ್ಲಿ ಎರಡನೆಯದರಲ್ಲೇ ಇವೆ. ಸಿಕ್ಕಿಬೀಳುವುದು ಆಮೇಲೆ. ಕಂಪನಿಯ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದರೆ ಕಚೇರಿ ಎಲ್ಲಿದೆ, ಬಾಡಿಗೆ ಕರಾರು ಎಲ್ಲಿ, ಇಲ್ಲಿರುವ ಜವಾಬ್ದಾರ ಯಾರು ಎಂಬ ಪ್ರಶ್ನೆಗಳು ಏಳುತ್ತವೆ. ಕಚೇರಿ ಕೊಡುವ ಮಾಲೀಕ ಕಂಪನಿಯ ಪತ್ರ ಕೇಳುತ್ತಾನೆ, ಕಂಪನಿಗೆ ಕಚೇರಿಯ ವಿಳಾಸ ಬೇಕು. ಈ ಗಂಟು ಬಿಡಿಸಲೆಂದೇ ಜಪಾನ್ ಸರ್ಕಾರದ ವ್ಯಾಪಾರ ಸಂಸ್ಥೆ ಜೆಟ್ರೊ ಹೊಸಬರಿಗೆ 50 ಕೆಲಸದ ದಿನಗಳ ಮಟ್ಟಿಗೆ ಬಾಡಿಗೆಯಿಲ್ಲದೆ ಕಚೇರಿ ಕೊಡುತ್ತದೆ. ಸ್ವಂತ ಉದ್ಯಮ ನಡೆಸಲು ಬರುವ ವಿದೇಶಿಯರ ವೀಸಾಕ್ಕೆ ಮೊದಲು 50 ಲಕ್ಷ ಯೆನ್ ಬಂಡವಾಳ ತೋರಿಸಿದರೆ ಸಾಕಿತ್ತು; 2025ರ ಅಕ್ಟೋಬರ್‌ನಿಂದ ಅದು 3 ಕೋಟಿ ಆಗಿದೆ. ಬಾಗಿಲು ಕಿರಿದಾಗುವುದು ಅಲ್ಲಿಯೂ ಇದೆ.

ಇನ್ನು ಮಾಲು. ಗೋವಾದ ತರಕಾರಿಯಲ್ಲಿ ದೊಡ್ಡ ಪಾಲು ಬೆಳಗಾವಿಯದು. ಚೋರ್ಲಾ ಘಟ್ಟ ಇಲ್ಲವೇ ಅನಮೋಡ ಘಟ್ಟ ಇಳಿದು ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿದಾಗ ಗೋವಾದ ಅಡುಗೆಮನೆಗಳಿಗೆ ಇದು ಅರ್ಥವಾಯಿತು. ಕನ್ನಡ ಬಲ್ಲ ವ್ಯಾಪಾರಿಗೆ ಇಲ್ಲೊಂದು ಅನುಕೂಲವಿದೆ: ಬೆಳಗಾವಿಗೆ ನೇರವಾಗಿ ಫೋನು ಮಾಡಿ ಧಾರಣೆ ಕೇಳಬಹುದು. ಹಾಗೆಂದು ಮೊದಲ ದಿನವೇ ದಲಾಲಿಯನ್ನು ಬಿಟ್ಟು ನೇರ ಮಾಲು ತರಿಸುತ್ತೇನೆ ಎನ್ನುವುದು ಜಾಣತನವಲ್ಲ. ಮಡಗಾಂವ್‌ನ ಹೋಲ್‌ಸೇಲ್ ವ್ಯಾಪಾರಿ ಒಂದು ಬುಟ್ಟಿಯನ್ನೂ ಕೊಡುತ್ತಾನೆ, ಗುರುತಾದ ಮೇಲೆ ಉದ್ರಿ ಕೊಡುತ್ತಾನೆ, ಕೊಳೆತದ್ದರಲ್ಲಿ ಸ್ವಲ್ಪ ಬಿಡುತ್ತಾನೆ. ಮಳೆಗಾಲದಲ್ಲಿ ಘಟ್ಟ ಕುಸಿದು ಲಾರಿ ನಿಂತರೆ ನಷ್ಟ ಅವನದು. ಅವನಿಗೆ ಹೋಗುವ ಕಮಿಷನ್ನನ್ನು ವಿಮೆಯ ಕಂತು ಎಂದೇ ಲೆಕ್ಕ ಹಾಕಬೇಕು. ದಿನಕ್ಕೆ ಎಷ್ಟು ಮಾಲು ಖರ್ಚಾಗುತ್ತದೆ ಎಂಬ ಸ್ವಂತ ಲೆಕ್ಕ ಕೈಗೆ ಬಂದ ಮೇಲೆ, ನಾಲ್ಕು ಗಾಡಿಯವರು ಸೇರಿ ನೇರ ತರಿಸುವ ಮಾತು.

ಸ್ವಿಸ್ಸರು ಕೂಡ ದಲಾಲಿಯಿಂದಲೇ ಶುರು ಮಾಡಿದವರು. ಗಡಿಯಾರದವರ ಮತ್ತು ಬಟ್ಟೆಯವರ ಒತ್ತಾಯದಿಂದ ಏಮೆ ಹಂಬರ್ಟ್ ನೇತೃತ್ವದ ನಿಯೋಗ ಜಪಾನಿಗೆ ಹೋಗಿ, ತಿಂಗಳುಗಟ್ಟಲೆ ಕಾದು, 1864ರ ಫೆಬ್ರುವರಿ 6ರಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಆ ನಿಯೋಗದ ಕಾರ್ಯದರ್ಶಿ ಕ್ಯಾಸ್ಪರ್ ಬ್ರೆನ್ವಾಲ್ಡ್ ಮರಳಿ ಬಂದು 1865ರಲ್ಲಿ ಹರ್ಮನ್ ಸೀಬರ್ ಜೊತೆ ಯೊಕೊಹಾಮಾದಲ್ಲಿ ಅಂಗಡಿ ತೆರೆದ. ಅವರ ದೊಡ್ಡ ವ್ಯಾಪಾರ ರೇಷ್ಮೆಯದು: ಜಪಾನಿನಲ್ಲಿ ಕೊಂಡು ಯುರೋಪಿಗೆ ಕಳಿಸುವುದು. ಕೊಳ್ಳುವವನಾಗಿ ಬಂದವನಿಗೆ ಪೇಟೆಯಲ್ಲಿ ನಂಬಿಕೆ ಬೇಗ ಹುಟ್ಟುತ್ತದೆ. ಮಾರುವುದು ಅದರ ಬೆನ್ನಿಗೆ ಬಂತು. ಅದೇ ಸಂಸ್ಥೆ 2002ರಲ್ಲಿ ಡೀಟ್‌ಹೆಲ್ಮ್ ಕೆಲ್ಲರ್ ಜೊತೆ ಸೇರಿ ಡಿಕೆಎಸ್‌ಎಚ್ ಆಯಿತು. ಬೇರೆ ಕಂಪನಿಗಳ ಮಾಲನ್ನು ಏಷ್ಯಾದಲ್ಲಿ ತಾನು ಮಾರಿಕೊಡುವುದೇ ಈಗಲೂ ಅದರ ಕಸುಬು.

ದೊಡ್ಡ ಸ್ವಿಸ್ ಕಂಪನಿಗಳು ಬೇರೆ ದಾರಿ ಹಿಡಿದವು. ಔಷಧ ಕಂಪನಿ ರೋಶ್ 2002ರಲ್ಲಿ ಜಪಾನಿನ ಚುಗಾಯ್ ಸಂಸ್ಥೆಯ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಕೊಂಡಿತು. ಹೆಸರು ಬದಲಿಸಲಿಲ್ಲ, ಟೋಕಿಯೋ ಷೇರುಪೇಟೆಯಿಂದ ತೆಗೆಯಲಿಲ್ಲ. ವೈದ್ಯರಿಗೆ ಗೊತ್ತಿದ್ದ ಚುಗಾಯ್ ಹಾಗೆಯೇ ಉಳಿಯಿತು. ಇದಕ್ಕೆ ಎದುರಾಗಿ ಲಿಫ್ಟ್ ತಯಾರಿಸುವ ಶಿಂಡ್ಲರ್. 2006ರ ಜೂನ್‌ನಲ್ಲಿ ಟೋಕಿಯೋದ ವಸತಿ ಕಟ್ಟಡವೊಂದರಲ್ಲಿ ಅದರ ಲಿಫ್ಟಿನಲ್ಲಿ ಸಿಕ್ಕಿ ಶಾಲಾ ಹುಡುಗನೊಬ್ಬ ತೀರಿಕೊಂಡ. ಆಗ ಅದರ ನಿರ್ವಹಣೆ ಬೇರೆ ಕಂಪನಿಯ ಕೈಯಲ್ಲಿತ್ತು. ಆದರೆ ಮೊದಲ ದಿನಗಳಲ್ಲಿ ಶಿಂಡ್ಲರ್ ಜನರ ಮುಂದೆ ಬಂದು ತಲೆಬಾಗಲಿಲ್ಲ ಎಂಬುದೇ ಸುದ್ದಿಯಾಯಿತು. ತಪ್ಪು ಯಾರದೆಂದು ತೀರ್ಮಾನವಾಗುವ ಮುಂಚೆಯೇ ಕ್ಷಮೆ ಕೇಳುವುದು ಅಲ್ಲಿನ ನಡಾವಳಿ. 2016ರಲ್ಲಿ ಅದು ಜಪಾನಿನ ಲಿಫ್ಟ್ ವ್ಯವಹಾರವನ್ನು ಓಟಿಸ್‌ಗೆ ಮಾರಿ ಹೊರಟಿತು. ಊರಿನ ನಡಾವಳಿ ಗೊತ್ತಿರುವ ಒಬ್ಬ ಎದುರಿಗೆ ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಗೊತ್ತಿಲ್ಲ.

ಗಿರಾಕಿಯ ವಿಷಯಕ್ಕೆ ಬಂದರೆ, ಗುಡ್ಡದ ವ್ಯಾಪಾರಿಗೆ ಎರಡು ಪೇಟೆಗಳಿವೆ. ಒಂದು ನಮ್ಮವರದೇ: ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಕೇಳುವವರು. ಇದು ಖಚಿತ, ಆದರೆ ಚಿಕ್ಕದು, ಮತ್ತು ಉದ್ರಿ ಜಾಸ್ತಿ. ಇನ್ನೊಂದು ಗೋವಾದವರದು. ಅದಕ್ಕೆ ಅವರ ಪಂಚಾಂಗ ತಿಳಿದಿರಬೇಕು. ಮಳೆಗಾಲಕ್ಕೆ ಮುಂಚೆ ಮಡಗಾಂವ್‌ನ ಹೋಲಿ ಸ್ಪಿರಿಟ್ ಚರ್ಚಿನ ಹಬ್ಬದ ಸಮಯದಲ್ಲಿ ಪುರುಮೆಂತಿನ ಜಾತ್ರೆ ಸೇರುತ್ತದೆ. ಮಳೆ ನಿಲ್ಲುವವರೆಗೆ ಬೇಕಾಗುವ ಒಣಮೆಣಸು, ಹುಣಸೆ, ಒಣಮೀನು, ಬೇಳೆಕಾಳನ್ನು ಜನ ಒಟ್ಟಿಗೆ ಒಯ್ಯುವ ಕಾಲ. ಚವತಿಗೆ ಗಣಪನ ಮೇಲೆ ಕಟ್ಟುವ ಮಾಟೊಳಿಗೆ ಕಾಡಿನ ಕಾಯಿ, ಹಣ್ಣು, ಗೊಂಚಲು ಅಡಿಕೆ ಬೇಕು. ಈಸ್ಟರಿಗೆ ಮುಂಚಿನ ನಲವತ್ತು ದಿನ ಹಲವು ಕ್ರಿಶ್ಚಿಯನ್ ಮನೆಗಳಲ್ಲಿ ಮಾಂಸ ಕಡಿಮೆ, ತರಕಾರಿ ಹೆಚ್ಚು. ಊರಿನ ರುಚಿಗೆ ತಕ್ಕಂತೆ ಮಾಲು ಹೊಂದಿಸುವುದನ್ನು ಸ್ವಿಸ್ ಕಂಪನಿ ನೆಸ್ಲೆ ಜಪಾನಿನಲ್ಲಿ ಮಾಡಿ ತೋರಿಸಿದೆ. ಅಲ್ಲಿಗೆ ಹೋದದ್ದು 1913ರಲ್ಲಿ. ಹಸಿರು ಚಹಾದ ಮಚ್ಚಾ ಕಿಟ್‌ಕ್ಯಾಟ್ ಬಂದದ್ದು 2004ರಲ್ಲಿ. ಕಿಟ್‌ಕ್ಯಾಟನ್ನು ಜಪಾನಿಗೆ ಮೊದಲು ತಂದದ್ದೂ ನೆಸ್ಲೆಯಲ್ಲ. ಬ್ರಿಟನ್ನಿನ ರೌಂಟ್ರಿ 1973ರಲ್ಲಿ ಸ್ಥಳೀಯ ಮಿಠಾಯಿ ಕಂಪನಿ ಫುಜಿಯಾ ಮೂಲಕ ತಂದಿತ್ತು. 

ತೆರಿಗೆಯನ್ನು ಬೇಗ ಮುಗಿಸೋಣ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಅದನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಿಲ್ಲ. ಬೇರೆ ಸರಕಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಬೇಡ. ಇಲ್ಲಿ ಜನ ಎಡವುವುದು ರಾಜ್ಯದ ಗಡಿಯಲ್ಲಿ. ಹುಬ್ಬಳ್ಳಿಯಿಂದ ಬಟ್ಟೆ ಕೊಂಡು ತಂದು ಮಡಗಾಂವ್‌ನಲ್ಲಿ ಮಾರಿದರೆ ಅದರಿಂದಲೇ ನೋಂದಣಿ ಕಡ್ಡಾಯವಾಗುವುದಿಲ್ಲ. ಆದರೆ ಹುಬ್ಬಳ್ಳಿಯ ಅಣ್ಣ ಗೋವಾದ ತಮ್ಮನ ಅಂಗಡಿಗೆ ತೆರಿಗೆಯ ಸರಕನ್ನು ಬಿಲ್ ಮಾಡಿ ಕಳಿಸಿದರೆ, ಮೊತ್ತ ಎಷ್ಟೇ ಸಣ್ಣದಿದ್ದರೂ ಅಣ್ಣನಿಗೆ ನೋಂದಣಿ ಬೇಕು. ಸಣ್ಣ ವ್ಯಾಪಾರಿಗಳು ಸರಳವಾಗಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿದ್ದವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ತಿಂಡಿ ಗಾಡಿಯವರಿಗೆ ಇವೆಲ್ಲಕ್ಕಿಂತ ಮುಂಚೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಸಣ್ಣವರಿಗೆ ಅದರ ಶುಲ್ಕ ಹೆಚ್ಚೇನಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪುಕ್ಕಟೆ. ದುಡ್ಡು ಕೇಳುವವರು ದಲಾಲರು ಅಥವಾ ಠಕ್ಕರು.

ಬಂಡವಾಳಕ್ಕೆ, ದಿನಬಡ್ಡಿಯವರ ಬಾಗಿಲಿಗೆ ಹೋಗುವ ಮುನ್ನ ಪಿಎಂ ಸ್ವನಿಧಿ ನೋಡಬೇಕು. ಬೀದಿ ವ್ಯಾಪಾರಿಗಳಿಗಾಗಿ 2020ರಲ್ಲಿ 10,000 ರೂಪಾಯಿ ಸಾಲದಿಂದ ಶುರುವಾದ ಯೋಜನೆ. 2025ರ ಬದಲಾವಣೆಯ ನಂತರ ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000ದವರೆಗೆ. ಅಡವು ಬೇಡ. ಸಮಯಕ್ಕೆ ಕಟ್ಟಿದರೆ ವರ್ಷಕ್ಕೆ ಶೇಕಡಾ 7ರ ದರದಲ್ಲಿ ಬಡ್ಡಿ ಸಹಾಯಧನ ಖಾತೆಗೆ ಬರುತ್ತದೆ. ವ್ಯಾಪಾರದ ಪ್ರಮಾಣಪತ್ರ ಇಲ್ಲದವರು ಪುರಸಭೆಯ ಶಿಫಾರಸು ಪತ್ರ ಪಡೆದು ಅರ್ಜಿ ಹಾಕಬಹುದು. ಡಬ್ಬಿಯಲ್ಲಿಟ್ಟ ಸೋಪೊ ರಸೀದಿ ಇಲ್ಲಿಯೂ ಹೊರಬರುತ್ತದೆ.

ಎರಡನೇ ಗಾಡಿ ಇಡುವ ಆಸೆ ಹುಟ್ಟಿದಾಗ ಮಾತ್ರ ಕಾಯ್ದೆಯನ್ನು ಮತ್ತೆ ಓದಬೇಕು. ಬೀದಿ ವ್ಯಾಪಾರದ ಪ್ರಮಾಣಪತ್ರ ಸ್ವಂತ ದುಡಿಮೆಗೆ ಕೊಟ್ಟದ್ದು. ಸಂಬಳದ ಆಳು ಇಟ್ಟು ನಾಲ್ಕು ಗಾಡಿ ಓಡಿಸಲು ಅಲ್ಲ. ಬೆಳೆಯಬೇಕೆಂದರೆ ಅಂಗಡಿ ಕಾಯ್ದೆಯ ಕೆಳಗೆ ಬರಬೇಕು, ಕೆಲಸದವರ ಹೆಸರು, ರಜೆ, ಸಂಬಳ ಪುಸ್ತಕದಲ್ಲಿ ಏರಬೇಕು. ಅದೇ ಹೆಸರಿನಲ್ಲಿ ಊರಿನಲ್ಲೂ ಒಂದು ಅಂಗಡಿ ತೆರೆದು ಜಿಎಸ್‌ಟಿಗೆ ಒಳಪಟ್ಟರೆ ಎರಡು ರಾಜ್ಯಕ್ಕೆ ಎರಡು ನಂಬರು: ಕರ್ನಾಟಕದ್ದು 29ರಿಂದ ಶುರು, ಗೋವಾದ್ದು 30ರಿಂದ. ಎರಡಕ್ಕೂ ಬೇರೆ ಬೇರೆ ರಿಟರ್ನ್. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಮಾಲು ಕಳಿಸಿದರೂ, ಮಾಲೀಕ ಒಬ್ಬನೇ ಆದರೂ, ಬಿಲ್ ಹಾಕಲೇಬೇಕು.