ಅಡುಗೆಮನೆಯಲ್ಲೊಂದು ಅಚ್ಚುಕೂಟ

ಸಂಕ್ರಾಂತಿ ಹತ್ತಿರವಾದಾಗ ಮಂಡ್ಯ, ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದಿಂದ ಸಕ್ಕರೆ ಅಚ್ಚಿನ ಮರದ ಹೋಳುಗಳು ಕೆಳಗಿಳಿಯುತ್ತವೆ. ಒಳಗೆ ಉಳಿಯಲ್ಲಿ ತೋಡಿದ ಗಿಳಿ, ಆನೆ, ಮೀನು, ತುಳಸಿಕಟ್ಟೆ. ನೀರಿನಲ್ಲಿ ನೆನೆಸಿದ ಹೋಳುಗಳನ್ನು ಜೋಡಿಸಿ, ಬಿಗಿಯಾಗಿ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಹುಯ್ಯಬೇಕು. ಮರದಲ್ಲಿ ತಗ್ಗಾಗಿದ್ದದ್ದು ಸಕ್ಕರೆಯಲ್ಲಿ ಉಬ್ಬಾಗಿ ಹೊರಬರುತ್ತದೆ. ಕಿರುಗಾವಲಿನ ನಮ್ಮ ಮನೆಯಲ್ಲಿ ಈ ಕೆಲಸ ಅತ್ತೆಯವರದು. ಊಟ ಮುಗಿದು, ಪಾತ್ರೆ ತೊಳೆದು, ಮಕ್ಕಳು ಮಲಗಿದ ಮೇಲೆಯೇ ಅವರು ಒಲೆ ಹಚ್ಚುವುದು. ಹಗಲಲ್ಲಿ ಯಾಕೆ ಮಾಡುವುದಿಲ್ಲ ಎಂದು ಕೇಳಿದರೆ, ‘ಪಾಕ ಯಾರ್ಗೂ ಕಾಯಾಕಿಲ್ಲ ಕಣವ್ವ, ನಡುವ್ಲಿ ಯಾರಾರ ಕೂಗುದ್ರೆ ಕೆಟ್ಟೋಯ್ತದೆ’ ಎನ್ನುತ್ತಾರೆ.

ಸಂಸಾರದ ನಡುವೆ ಕಲೆಗೆ ಹೊತ್ತು ಹೊಂದಿಸುವ ಕಷ್ಟವೆಲ್ಲ ಆ ಮಾತಿನಲ್ಲಿದೆ. ಪಾಕ ಕಾಯುವುದಿಲ್ಲ. ಆದರೆ ಕೆತ್ತಿದ ಮರ ಕಾಯುತ್ತದೆ, ಲಿನೋಲಿಯಂ ಹಲಗೆ ಕಾಯುತ್ತದೆ, ತಾಮ್ರದ ತಗಡು ಕಾಯುತ್ತದೆ. ಗ್ರಾಫಿಕ್ ಕಲೆ ಎಂದು ಕಲಾಶಾಲೆಗಳಲ್ಲಿ ಕರೆಯುವ ಮುದ್ರಣಕಲೆ ಮನೆವಾರ್ತೆ ಹೊತ್ತವರಿಗೆ ಬೇರೆಲ್ಲ ಚಿತ್ರಕಲೆಗಳಿಗಿಂತ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಜಲವರ್ಣದಲ್ಲಿ ಕಾಗದ ಒದ್ದೆಯಿರುವಾಗಲೇ ಬಣ್ಣ ಬೀಳಬೇಕು. ನಡುವೆ ಬಾಗಿಲು ಬಡಿದರೆ ಆ ಘಳಿಗೆ ಹೋಯಿತು. ಅಚ್ಚಿನ ಕೆಲಸ ತುಂಡು ತುಂಡಾಗಿಯೇ ಹುಟ್ಟಿದ್ದು. ಒಂದು ದಿನ ಗೆರೆ ಹಾಕುವುದು, ಇನ್ನೊಂದು ದಿನ ಕೆತ್ತುವುದು, ಮತ್ತೊಂದು ದಿನ ಶಾಯಿ ಬಳಿದು ಪ್ರೂಫ್ ತೆಗೆಯುವುದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ವಾರ ಕಳೆದರೂ ಕೆತ್ತಿದ್ದು ಕೆತ್ತಿದಂತೆಯೇ ಇರುತ್ತದೆ.

ಲಿನೋಕಟ್‌ನಿಂದ ಶುರುಮಾಡುವುದು ಸುಲಭ. ಅಗಸೆ ಎಣ್ಣೆ ಮತ್ತು ಕಾರ್ಕ್ ಪುಡಿಯನ್ನು ಸೆಣಬಿನ ಬಟ್ಟೆಯ ಮೇಲೆ ಗಟ್ಟಿಮಾಡಿದ ಹಾಳೆ ಅದು. ನೆಲಕ್ಕೆ ಹಾಸಲೆಂದು 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದದ್ದು. ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗಿ ಉಳಿ ಸರಾಗವಾಗಿ ಓಡುತ್ತದೆ. ಬಿಳಿ ಬೇಕಾದಲ್ಲಿ ಕೆತ್ತಿ ತೆಗೆಯಬೇಕು, ಕಪ್ಪು ಬೇಕಾದಲ್ಲಿ ಉಳಿಸಬೇಕು. ಉಳಿ ಹಿಡಿದ ಕೈಯ ಮುಂದೆ ಇನ್ನೊಂದು ಕೈ ಬರಬಾರದು. ಚಿತ್ರ ಎಡಬಲ ತಿರುಗಿ ಮೂಡುವುದರಿಂದ ಅಕ್ಷರವಿದ್ದರೆ ತಿರುವುಮುರುವಾಗಿ ಕೆತ್ತಬೇಕು. ಕನ್ನಡದ ಒತ್ತಕ್ಷರ, ಕೊಂಬು, ಸುಳಿಗಳನ್ನು ಹಾಗೆ ಕೆತ್ತುವಾಗ ಕೈ ಎಷ್ಟು ವರ್ಷದಿಂದ ಬರೆಯುತ್ತಿದ್ದರೂ ಹೊಸದಾಗಿ ಅಕ್ಷರಾಭ್ಯಾಸ ಮಾಡುತ್ತದೆ. ಗಾಜಿನ ಮೇಲೆ ಶಾಯಿಯನ್ನು ರೋಲರಿನಿಂದ ತೆಳ್ಳಗೆ ಹರಡಿ, ಹಲಗೆಗೆ ಬಳಿದು, ಕಾಗದ ಹಾಸಿ, ಹಿಂದಿನಿಂದ ಒಂದೇ ಒತ್ತಡದಲ್ಲಿ ಉಜ್ಜಿದರೆ ಅಚ್ಚು ಸಿದ್ಧ. ಯಂತ್ರವೇ ಬೇಕೆಂದಿಲ್ಲ. ಜಪಾನಿನವರು ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಉಜ್ಜುತ್ತಾರೆ. ನಾನು ಬಳಸುವುದು ಮರದ ಸೌಟಿನ ಬೆನ್ನು. ಹತ್ತು ಪ್ರತಿ ತೆಗೆದರೆ ಪ್ರತಿಯೊಂದರ ಅಂಚಿನಲ್ಲೂ ಪೆನ್ಸಿಲಿನಲ್ಲಿ 1/10, 2/10 ಎಂದು ಬರೆದು ಸಹಿ ಹಾಕುವುದು ರೂಢಿ. ಹತ್ತೂ ಮೂಲಕೃತಿಗಳೇ.

ಲೋಹದ ತಗಡಿನ ಕೆಲಸಕ್ಕೆ, ಅಂದರೆ ಎಚಿಂಗ್‌ಗೆ, ಮಾತ್ರ ಪ್ರೆಸ್ ಬೇಕೇ ಬೇಕು. ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಮುಳುಗಿಸಿದರೆ ಗೀಚಿದ ಗೆರೆ ಮಾತ್ರ ಕೊರೆದು ಆಳವಾಗುತ್ತದೆ. ಆ ಗೆರೆಯೊಳಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಭಾರವಾದ ಎರಡು ಉರುಳೆಗಳ ನಡುವೆ ಹಾಯಿಸಬೇಕು. ಇದನ್ನು ಮನೆಯಲ್ಲಿ ಮಾಡುತ್ತೇನೆಂದರೆ ಯಾರಾದರೂ ಹುಬ್ಬೇರಿಸುತ್ತಾರೆ. ಹಾಗೆ ಮಾಡಿದವರೊಬ್ಬರಿದ್ದರು. ಈ ಲೇಖನ ಬರೆಯಲು ಕೂತದ್ದೇ ಅವರಿಗಾಗಿ.

ಲಲಿತಾ ಲಾಜ್ಮಿ ಹುಟ್ಟಿದ್ದು 1932ರಲ್ಲಿ, ಕೋಲ್ಕತ್ತದಲ್ಲಿ. ಮನೆತನ ಪಡುಕೋಣೆಯವರದು, ಕುಂದಾಪುರದಾಚೆಯ ಪಡುಕೋಣೆಯ ಹೆಸರನ್ನು ಊರೂರಿಗೆ ಹೊತ್ತ ಸಾರಸ್ವತ ಕುಟುಂಬ. ಅಣ್ಣ ಗುರುದತ್ತ, 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳನ್ನು ಕೊಟ್ಟು, 1964ರಲ್ಲಿ ತೀರಿಕೊಂಡವರು. ಅಣ್ಣನ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದೇವೆ. ತಂಗಿಯ ಬಗ್ಗೆ ಬರೆದದ್ದು ತೀರ ಕಡಿಮೆ.

ತಾಯಿ ವಾಸಂತಿ ಪಡುಕೋಣೆಯವರಿಂದಲೇ ಈ ಕತೆ ಶುರುಮಾಡಬೇಕು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಹದಿನಾರರ ಹೊತ್ತಿಗೆ ತಾಯಿಯಾದ ಹೆಣ್ಣುಮಗಳು. ಮಕ್ಕಳನ್ನು ಸಾಕುತ್ತಲೇ ಶಾಲೆಯಲ್ಲಿ ಪಾಠ ಹೇಳಿದರು, ಮನೆಪಾಠ ಮಾಡಿದರು, ಕತೆ ಬರೆದರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಮಗ ಹೋದ ಮೇಲೆ ‘ನನ್ನ ಮಗ ಗುರುದತ್ತ’ ಎಂದು ಪುಸ್ತಕ ಬರೆದರು. ಸಂಸಾರದ ನಡುವಿನಿಂದ ಹೊತ್ತು ಹೆಕ್ಕಿಕೊಳ್ಳುವ ವಿದ್ಯೆಯನ್ನು ಲಲಿತಾ ಬೇರೆಲ್ಲಿಯೂ ಕಲಿಯಬೇಕಾಗಿರಲಿಲ್ಲ. ಬಣ್ಣದ ಪೆಟ್ಟಿಗೆಯನ್ನು ಕೈಗಿತ್ತವರು ಜಾಹೀರಾತು ಚಿತ್ರಕಾರರಾಗಿದ್ದ ಬಿ. ಬಿ. ಬೆನಗಲ್, ಮನೆಯವರು ಮಾವ ಎನ್ನುತ್ತಿದ್ದ ಬಂಧು. ಲಲಿತಾಗೆ ಮೊದಲಿದ್ದ ಆಸೆ ನೃತ್ಯದ್ದು. ಶಾಸ್ತ್ರೀಯ ನೃತ್ಯ ಕಲಿಸುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ಬಣ್ಣದ ಪೆಟ್ಟಿಗೆ ಮಾತ್ರ ಉಳಿಯಿತು.

ಮದುವೆಯಾಯಿತು, ಮಕ್ಕಳಾದರು. ಮುಂದೆ ‘ರುಡಾಲಿ’ ನಿರ್ದೇಶಿಸಿದ ಕಲ್ಪನಾ ಲಾಜ್ಮಿ ಅವರ ಮಗಳು, 1954ರಲ್ಲಿ ಹುಟ್ಟಿದವರು. 1961ರಲ್ಲಿ ಮುಂಬೈಯ ಜಹಾಂಗೀರ್ ಗ್ಯಾಲರಿಯಲ್ಲಿ ಲಲಿತಾ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಆದರೆ ಚಿತ್ರ ಮಾರಿ ಬದುಕುವ ಕಾಲ ಅದಾಗಿರಲಿಲ್ಲ. ಮೊದಲ ಚಿತ್ರಕ್ಕೆ ಬಂದದ್ದು ನೂರು ರೂಪಾಯಿ. ಹಾಗಾಗಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕಿಯಾದರು. ಆ ನೌಕರಿ ಎರಡು ದಶಕಕ್ಕೂ ಮೀರಿ ನಡೆಯಿತು. ಎಪ್ಪತ್ತರ ದಶಕದಲ್ಲಿ, ನಲವತ್ತರ ವಯಸ್ಸಿನಲ್ಲಿ, ಜೆ. ಜೆ. ಕಲಾಶಾಲೆಯ ಸಂಜೆ ತರಗತಿಗೆ ಸೇರಿ ಎಚಿಂಗ್ ಕಲಿತರು. ಆಮೇಲೆ ಪ್ರೆಸ್ಸನ್ನು ಮನೆಗೇ ತಂದುಕೊಂಡರು. ಹಗಲು ಶಾಲೆ, ಸಂಜೆ ಮನೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ತಗಡು, ಶಾಯಿ, ಪ್ರೆಸ್.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಡುಗೆಮನೆ. ಮುಂಬೈಯ ಮನೆಗಳಲ್ಲಿ ಅಡುಗೆಮನೆ ಎಷ್ಟು ದೊಡ್ಡದಿದ್ದೀತು? ಆ ಇಕ್ಕಟ್ಟಿನಲ್ಲಿ ಪ್ರೆಸ್ಸಿಗೂ ಒಂದು ಜಾಗ. ಅದು ಅಲ್ಲೇ ಇರುತ್ತದೆ, ಬೆಳಿಗ್ಗೆ ಎತ್ತಿಡಬೇಕಾಗಿಲ್ಲ. ಮನೆಗೆಲಸದ ನಡುವೆ ಕಲೆ ಮಾಡುವವರಿಗೆ ನಿಜವಾಗಿ ಸಾಲದೆ ಬರುವುದು ಹೊತ್ತಲ್ಲ, ಜಾಗ. ಅರ್ಧ ಗಂಟೆ ಸಿಕ್ಕೇ ಸಿಗುತ್ತದೆ: ಅನ್ನ ಬೇಯುವಾಗ, ಮಗು ಟ್ಯೂಷನ್ನಿಗೆ ಹೋದಾಗ, ಕರೆಂಟು ಬರುವವರೆಗೆ. ಆದರೆ ಸಾಮಾನು ಹರಡಲು ಕಾಲು ಗಂಟೆ, ಮತ್ತೆ ಒಳಗಿಡಲು ಕಾಲು ಗಂಟೆ ಹೋದರೆ ಆ ಅರ್ಧ ಗಂಟೆಯಲ್ಲಿ ಏನೂ ಉಳಿಯುವುದಿಲ್ಲ. ಹರಡಿದ್ದನ್ನು ಹಾಗೇ ಬಿಟ್ಟುಹೋಗಬಹುದಾದ ಒಂದು ಮೇಜು, ಮನೆಯವರು ಯಾರೂ ಮುಟ್ಟದ ಎರಡು ಅಡಿ ಜಾಗ, ಇದ್ದರೆ ಕೆಲಸ ಮುಂದುವರಿಯುತ್ತದೆ. ಗಂಡಸರ ಕಡತ, ಮಕ್ಕಳ ಪುಸ್ತಕ, ದೇವರ ಮಂಟಪ ಎಲ್ಲಕ್ಕೂ ಮನೆಯಲ್ಲಿ ಜಾಗ ಗೊತ್ತಾಗಿರುತ್ತದೆ. ಹೆಂಗಸಿನ ಮೇಜಿಗೆ ಇರುವುದಿಲ್ಲ. ಲಲಿತಾ ತಮ್ಮ ಪಾಲಿನ ಜಾಗವನ್ನು ತಾವೇ ಗೊತ್ತುಮಾಡಿಕೊಂಡರು.

ಅವರ ಎಚಿಂಗ್‌ಗಳಲ್ಲಿ ಮುಖವಾಡ ಹಾಕಿದವರು, ವಿದೂಷಕರು, ಕಸರತ್ತಿನವರು, ತಾಯಿ ಮಗಳು ಬರುತ್ತಾರೆ. ಒಂದೇ ಕೋಣೆಯಲ್ಲಿದ್ದೂ ಬೇರೆ ಬೇರೆ ಕಡೆ ನೋಡುವ ಗಂಡುಹೆಣ್ಣುಗಳು. ಗಾಢ ಕಪ್ಪು, ಅದರಿಂದ ಮೆಲ್ಲಗೆ ಹೊರಬರುವ ಬೂದು. ರಾತ್ರಿಯ ಅಡುಗೆಮನೆಯಲ್ಲಿ ಮಾಡಿದವೆಂದು ತಿಳಿದ ಮೇಲೆ ಆ ಕಪ್ಪನ್ನು ಬೇರೆ ರೀತಿ ನೋಡಲು ನನಗೆ ಸಾಧ್ಯವೇ ಆಗಿಲ್ಲ. 1985ರಲ್ಲಿ ಅಮೆರಿಕದಲ್ಲಿ ನಡೆದ ಭಾರತ ಉತ್ಸವಕ್ಕೆ ಅವರ ಎರಡು ಎಚಿಂಗ್‌ಗಳು ಆಯ್ಕೆಯಾದವು. ‘ತಾರೇ ಜಮೀನ್ ಪರ್’ ನೋಡಿದವರು ಅದರ ಚಿತ್ರಸ್ಪರ್ಧೆಯ ದೃಶ್ಯದಲ್ಲಿ ಅವರನ್ನು ಕಂಡಿದ್ದೀರಿ, ಹೆಸರು ಗಮನಿಸಿರಲಿಕ್ಕಿಲ್ಲ. 2018ರಲ್ಲಿ ಮಗಳು ಕಲ್ಪನಾ ತೀರಿಕೊಂಡರು. ತಾಯಿ ಚಿತ್ರ ಬರೆಯುವುದನ್ನು ಬಿಡಲಿಲ್ಲ. 2023ರ ಫೆಬ್ರುವರಿಯಲ್ಲಿ ಮುಂಬೈಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಇಡೀ ಬದುಕಿನ ಕೃತಿಗಳ ಪ್ರದರ್ಶನ ನಡೆಯುತ್ತಿದ್ದಾಗಲೇ, 13ರಂದು, ತೊಂಬತ್ತರ ವಯಸ್ಸಿನಲ್ಲಿ ಹೋದರು.

ಜರ್ಮನಿಯ ಕೇಥೆ ಕೋಲ್ವಿಟ್ಸ್ ಕೂಡ ಇದೇ ದಾರಿಯವರು. ಬರ್ಲಿನ್ನಿನ ಕೂಲಿಕಾರರ ಬಡಾವಣೆಯಲ್ಲಿ ವೈದ್ಯನ ಹೆಂಡತಿ. 1892ರಲ್ಲಿ ಒಬ್ಬ ಮಗ, 1896ರಲ್ಲಿ ಇನ್ನೊಬ್ಬ. ಅವರಿಗೆ ಹೆಸರು ತಂದ ನೇಕಾರರ ದಂಗೆಯ ಮಾಲಿಕೆ ತಯಾರಾದದ್ದು 1893ರಿಂದ 1897ರ ನಡುವೆ. ತೊಟ್ಟಿಲ ಪಕ್ಕದಲ್ಲೇ ಎನ್ನಬೇಕು.

ಕನ್ನಡನಾಡಿಗೆ ಅಚ್ಚು ಹೊಸತಲ್ಲ. ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಬಂತು. ಎಣ್ಣೆಯೂ ನೀರೂ ಕೂಡುವುದಿಲ್ಲ ಎಂಬ ಗುಣದ ಮೇಲೆ ನಿಂತ ವಿದ್ಯೆ ಅದು. ರವಿವರ್ಮನ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರು ಬಂದದ್ದೂ ಕಲ್ಲಿನಿಂದಲೇ. ಈಗ ಈ ಕಲೆ ಓದಬೇಕೆಂದರೆ ನಮಗೆ ಹತ್ತಿರದ್ದು ಮೈಸೂರಿನ ಕಲಾಶಾಲೆ ಕಾವಾ. 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯದು, ಗ್ರಾಫಿಕ್ಸ್ ವಿಭಾಗ ಅಲ್ಲಿದೆ. ಬನ್ನೂರಿನ ಮೇಲೆ ಹೋಗುವ ಬಸ್ಸು ಹತ್ತಿದರೆ ಆಯಿತು. ಹತ್ತಲು ಬಿಡುವು ಇರುವವರಿಗೆ.

ಬಸ್ಸು ಹತ್ತಲಾರದವರಿಗೆ ಕಿರುಗಾವಲಿನಲ್ಲಿ ಸಿಗುವ ಸಾಮಗ್ರಿ ಸಾಮಾನ್ಯದ್ದಲ್ಲ. ಈ ಊರನ್ನು ಹೊರಗಿನವರು ಬಲ್ಲದ್ದು ಸಯ್ಯದ್ ಗನಿ ಖಾನ್ ಅವರ ಭತ್ತದಿಂದ. ಮ್ಯೂಸಿಯಂ ಕ್ಯುರೇಟರ್ ಆಗಬೇಕೆಂದು ಹೊರಟಿದ್ದವರನ್ನು ಮನೆಯ ಹೊಣೆ ಹೊಲಕ್ಕೆ ಕರೆತಂದಿತು. ಅವರು ಹೊಲವನ್ನೇ ಮ್ಯೂಸಿಯಂ ಮಾಡಿದರು. ಸಾವಿರಕ್ಕೂ ಮೀರಿದ ಭತ್ತದ ತಳಿಗಳು, ಟಿಪ್ಪು ಕಾಲದ್ದೆನ್ನುವ ಬಡಾಬಾಗ್ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು. ಕಲೆಗೂ ಸಂಸಾರಕ್ಕೂ ನಡುವೆ ಒಂದನ್ನೇ ಆರಿಸಬೇಕು ಎನ್ನುವವರು ಆ ಹೊಲ ನೋಡಬೇಕು.

ಮುದ್ರಣಕಲೆಯವರ ಕಣ್ಣಿಗೆ ಅಲ್ಲಿ ಕಾಣುವುದು ಬೇರೆ. ರಟ್ಟಿನ ಮೇಲೆ ಅಂಟು ಬಳಿದು ಭತ್ತದ ತೆನೆ, ಹೊಟ್ಟು, ಹುಲ್ಲು ಅಂಟಿಸಿ, ಒಣಗಿದ ಮೇಲೆ ಅರಗಿನ ವಾರ್ನಿಷ್ ಹಚ್ಚಿದರೆ ಅದೇ ಅಚ್ಚಿನ ಹಲಗೆ; ಕೊಲಾಗ್ರಾಫ್ ಎನ್ನುತ್ತಾರೆ. ಶಾಯಿ ಬಳಿದು ಒರೆಸಿದಾಗ ಉಬ್ಬುತಗ್ಗೆಲ್ಲ ಹಿಡಿದುಕೊಳ್ಳುತ್ತದೆ. ಉದ್ದ ಮೀಸೆಯ ತಳಿ ಕಾಗದದ ಮೇಲೆ ಸೂಜಿಗೆರೆಗಳಾಗಿ ಮೂಡುತ್ತದೆ, ಮೀಸೆಯಿಲ್ಲದ್ದು ಬರಿಯ ಚುಕ್ಕೆಗಳಾಗಿ. ತಳಿ ತಳಿಗೂ ಬೇರೆ ಚಿತ್ರ. ಅದರ ಮೇಲೆ ಹಳೆ ಪಹಣಿಯ ಜೆರಾಕ್ಸನ್ನೋ ಸೀರೆಯ ತುಂಡನ್ನೋ ಗಂಜಿಯಿಂದ ಅಂಟಿಸಿ, ನಾಲ್ಕು ಹೊಲಿಗೆ ಹಾಕಿದರೆ ಮಿಶ್ರ ಮಾಧ್ಯಮ. ಜಪಾನಿನ ಮರದಚ್ಚಿನವರು ಬಣ್ಣಕ್ಕೆ ಬೆರೆಸುತ್ತಿದ್ದದ್ದೂ ಅಕ್ಕಿಯ ಸರಿಯನ್ನೇ.

ಇನ್ನು ಸಕ್ಕರೆ. ಎಚಿಂಗ್‌ನಲ್ಲಿ ಶುಗರ್ ಲಿಫ್ಟ್ ಎಂಬ ವಿಧಾನವಿದೆ. ಗಟ್ಟಿ ಸಕ್ಕರೆ ಪಾಕಕ್ಕೆ ಸ್ವಲ್ಪ ಮಸಿ ಬೆರೆಸಿ ತಗಡಿನ ಮೇಲೆ ಕುಂಚದಿಂದ ಬರೆಯಬೇಕು. ಒಣಗಿದ ಮೇಲೆ ಇಡೀ ತಗಡಿಗೆ ವಾರ್ನಿಷ್ ಬಳಿದು ಬಿಸಿನೀರಿಗೆ ಹಾಕಿದರೆ ಕೆಳಗಿನ ಸಕ್ಕರೆ ಉಬ್ಬಿ ವಾರ್ನಿಷನ್ನು ಎಬ್ಬಿಸಿಕೊಂಡು ಕರಗಿಹೋಗುತ್ತದೆ. ಕುಂಚ ಹೋದ ಕಡೆಯೆಲ್ಲ ಲೋಹ ಬತ್ತಲಾಗಿ ಆಮ್ಲಕ್ಕೆ ಸಿಗುತ್ತದೆ. ಬುಫೋನ್‌ನ ಪ್ರಾಣಿಗಳ ಪುಸ್ತಕಕ್ಕೆ ಪಿಕಾಸೊ ಚಿತ್ರ ಮಾಡಿದ್ದು ಹೀಗೆ. ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ 1933ರಿಂದ ಇದೆ. ಸಕ್ಕರೆ ನಾಡೆಂದು ಹೇಳಿಕೊಳ್ಳುವ ಜಿಲ್ಲೆಯ ಮಕ್ಕಳಿಗೆ ಚಿತ್ರಕಲಾ ಪೀರಿಯಡ್ಡಿನಲ್ಲಿ ಯಾರಾದರೂ ಇದನ್ನು ತೋರಿಸಬಾರದೇ ಎಂದು ನನಗೆ ಆಸೆ.

ತೊಂದರೆಗಳೂ ಇವೆ. ನೈಟ್ರಿಕ್ ಆಮ್ಲದ ಹೊಗೆ ಮಕ್ಕಳಿರುವ ಮನೆಗೆ ಸಲ್ಲದು. ತಾಮ್ರಕ್ಕಾದರೆ ಸರ್ಕ್ಯೂಟ್ ಬೋರ್ಡ್ ಮಾಡುವವರು ಬಳಸುವ ಫೆರಿಕ್ ಕ್ಲೋರೈಡ್ ಸಾಕು, ಅದನ್ನೂ ಕೈಗವಸಿಲ್ಲದೆ ಮುಟ್ಟುವಂತಿಲ್ಲ. ಒಳ್ಳೆಯ ಕಾಗದ ತುಟ್ಟಿ. ಅಚ್ಚನ್ನು ಜೆರಾಕ್ಸ್ ಎಂದುಕೊಳ್ಳುವ ಗಿರಾಕಿಗಳಿಗೆ ಪ್ರತಿ ಸಲವೂ ವಿವರಿಸಬೇಕು. ಎಲ್ಲಕ್ಕಿಂತ ದೊಡ್ಡದು ಪ್ರೆಸ್ಸಿನದು. ಅದರ ಭಾರಕ್ಕೂ ಬೆಲೆಗೂ ಒಂದು ಸಂಸಾರ ತೂಗುವುದು ಕಷ್ಟ, ಎಲ್ಲರೂ ಲಲಿತಾ ಆಗಲಾರರು. ಆದರೆ ಹತ್ತು ಮಂದಿ ಹಂಚಿಕೊಂಡು ಬಳಸಲು ಅದು ಹೇಳಿಮಾಡಿಸಿದ ಯಂತ್ರ. ತಗಡನ್ನು ಮನೆಯಲ್ಲಿ ಸಿದ್ಧಮಾಡಿ ಚೀಲದಲ್ಲಿ ಹಾಕಿಕೊಂಡು ಬಂದರೆ, ಒಂದು ಮಧ್ಯಾಹ್ನದಲ್ಲಿ ಅಚ್ಚು ತೆಗೆದು ಮಕ್ಕಳು ಶಾಲೆಯಿಂದ ಬರುವುದರೊಳಗೆ ಮನೆ ಸೇರಬಹುದು. ಹೊಲಿಗೆ ಯಂತ್ರಗಳನ್ನು ಹಂಚುವ ಯೋಜನೆಗಳಿರುವ ನಾಡಿನಲ್ಲಿ ನಮ್ಮ ತಾಲ್ಲೂಕು ಮಳವಳ್ಳಿಗೊಂದು ಪ್ರೆಸ್, ಅದನ್ನಿಡಲು ಒಂದು ಕೋಣೆ ಕೇಳುವುದು ಹೆಚ್ಚೇನಲ್ಲ.

ನನ್ನ ಮಗಳು ಈಗ ಮೂರನೇ ಕ್ಲಾಸು. ಲಿನೋ ತುಂಡಿನಲ್ಲಿ ತನ್ನ ಹೆಸರನ್ನು ತಿರುವುಮುರುವಾಗಿ ಬರೆಯಲು ಕಲಿತಿದ್ದಾಳೆ. ಉಳಿಯನ್ನು ಇನ್ನೂ ಕೊಟ್ಟಿಲ್ಲ. ಆ ಪ್ರೆಸ್ಸು ಬರುವಾಗ ಅವಳು ಎಷ್ಟು ದೊಡ್ಡವಳಾಗಿರುತ್ತಾಳೋ, ಯಾವ ಊರಿನ ಯಾವ ಮನೆಯಲ್ಲಿರುತ್ತಾಳೋ, ಆ ಮನೆಯಲ್ಲಿ ಅವಳದೊಂದು ಮೇಜು ಇರುತ್ತದೋ ಇಲ್ಲವೋ.